ಪ್ರತಿಕ್ರಿಯೆ: ಆನಾ ಹಯಟ್ ಹಂಟಿಂಗ್‌ಟನ್ ಪ್ರಾಣಿಗಳನ್ನು ಕಲಿತ ಬಗೆ

ಅಮೆರಿಕದ ಶಿಲ್ಪಿ ಆನಾ ಹಯಟ್ ಹಂಟಿಂಗ್‌ಟನ್ (1876–1973) ಪ್ರಾಣಿಗಳ ಮೈಕಟ್ಟನ್ನು ಯಾವ ಕಲಾಶಾಲೆಯಲ್ಲಿ ಕಲಿತರೆಂದು ತಾವು ಕೇಳಿದ್ದೀರಿ. ಬಾಸ್ಟನ್ನಿನಲ್ಲಿ ಶಿಲ್ಪಿ ಹೆನ್ರಿ ಹಡ್ಸನ್ ಕಿಟ್ಸನ್ ಅವರ ಬಳಿಯೂ ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿಯೂ ಅವರು ಕೆಲಕಾಲ ಕಲಿತದ್ದು ನಿಜ. ಆದರೆ ಪ್ರಾಣಿವಿಜ್ಞಾನಿಯಾಗಿದ್ದ ತಂದೆ ಆಲ್ಫಿಯಸ್ ಹಯಟ್ ಅವರ ಮನೆ ಹಾಗೂ ಬ್ರಾಂಕ್ಸ್ ಮೃಗಾಲಯ, ಇವೆರಡೇ ಅವರ ನಿಜವಾದ ಶಾಲೆಗಳೆಂದು ನನ್ನ ದೃಢವಾದ ಅಭಿಪ್ರಾಯ.

ಆ ಮೃಗಾಲಯದ ಜಾಗ್ವಾರನ್ನು ಎದುರಿಗೇ ನೋಡುತ್ತ ಜೇಡಿಮಣ್ಣಿನಲ್ಲಿ ರೂಪಿಸಿದ ಕೃತಿಯನ್ನು ತಾವು ಗಮನಿಸಬೇಕು: ಬಂಡೆಯ ಮೇಲಿಂದ ಮುಂಗಾಲನ್ನು ಕೆಳಕ್ಕೆ ಚಾಚಿರುವ ಆ ಪ್ರಾಣಿಯ ಇಡೀ ಭಾರ ಮುಂದಕ್ಕೆ ಜಾರುತ್ತಿರುವಂತೆ ತೋರುತ್ತದೆ. ಹಾಗೆ ತೋರಬೇಕಾದರೆ ಚರ್ಮದಡಿಯ ಸ್ನಾಯುವಿನ ಎಳೆತ ಕೈಗೆ ತಿಳಿದಿರಲೇಬೇಕು.

ಅವರು ಮಾಡಿದ, ಫ್ರಾನ್ಸಿನ ವೀರಕನ್ಯೆ ಜೋನ್ ಆಫ್ ಆರ್ಕ್‌ಳ ಅಶ್ವಾರೂಢ ಪ್ರತಿಮೆ 1910ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿ ಗೌರವ ಮನ್ನಣೆ ಪಡೆಯಿತಾದರೂ, ಹೆಣ್ಣೊಬ್ಬಳು ಒಬ್ಬಳೇ ಅದನ್ನು ಮಾಡಿರಬಲ್ಲಳೇ ಎಂಬ ಸಂಶಯ ತೀರ್ಪುಗಾರರಿಗಿತ್ತು. ಇದು ನನಗೆ ಇಂದಿಗೂ ನೋವಿನ ಸಂಗತಿ. ಅದರ ಕಂಚಿನ ರೂಪ 1915ರಿಂದ ನ್ಯೂಯಾರ್ಕಿನ ರಿವರ್‌ಸೈಡ್ ಡ್ರೈವ್‌ನಲ್ಲಿದೆ. ಮುಂದೆ 1931ರಲ್ಲಿ ಪತಿ ಆರ್ಚರ್ ಅವರೊಡನೆ ದಕ್ಷಿಣ ಕ್ಯಾರೊಲಿನಾದಲ್ಲಿ ಬ್ರೂಕ್‌ಗ್ರೀನ್ ಶಿಲ್ಪೋದ್ಯಾನವನ್ನು ಸ್ಥಾಪಿಸಿದರು. ಕಾದಾಡುವ ಗಂಡುಕುದುರೆಗಳ ಬೃಹತ್ ಅಲ್ಯೂಮಿನಿಯಂ ಶಿಲ್ಪ ಅಲ್ಲಿಯೇ ಇದೆ. ಅದನ್ನು ರೂಪಿಸಿದಾಗ ಅವರು ಎಪ್ಪತ್ತು ದಾಟಿದ್ದರು.