ಗಡಿ ದಾಟಿ ಬರುವ ಕೆಮಿಕಲ್ ತ್ಯಾಜ್ಯವನ್ನು ತಡೆಯುವುದು ಹೇಗೆ?

ರಾಯಚೂರಿನ ಗಡಿ ಹಳ್ಳಿಯವರೊಬ್ಬರ ಪ್ರಶ್ನೆ: ಹೊರರಾಜ್ಯದ ಟ್ಯಾಂಕರ್ ರಾತ್ರಿ ಬಂದು ನಮ್ಮ ಹಳ್ಳಕ್ಕೆ ಕೆಮಿಕಲ್ ಸುರಿದು ಹೋದರೆ ಏನು ಮಾಡಬೇಕು?

ಮೊದಲು, ಹತ್ತಿರ ಹೋಗಬೇಡಿ. ದನಕರುಗಳನ್ನೂ ನೀರಿಗೆ ಬಿಡಬೇಡಿ. ದೂರದಿಂದಲೇ ಗಾಡಿ ನಂಬರ್, ಸಮಯ ಬರೆದುಕೊಂಡು 112ಕ್ಕೆ ಫೋನ್ ಮಾಡಿ. ಆಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ.

ಸರಿಯಾಗಿ ವಿಲೇವಾರಿ ಮಾಡಲು ದುಡ್ಡು ಜಾಸ್ತಿ ಬೇಕು. ಹಳ್ಳಕ್ಕೆ ಸುರಿದರೆ ಬರೀ ಡೀಸೆಲ್ ಖರ್ಚು. ಈ ದಂಧೆ ನಡೆಯುವುದೇ ಅದಕ್ಕೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ, ವಿಲೇವಾರಿಗೆ ಬೇರೆ ರಾಜ್ಯಕ್ಕೆ ಕಳಿಸಬೇಕಾದರೆ ಎರಡೂ ರಾಜ್ಯಗಳ ಮಂಡಳಿಗಳ ಒಪ್ಪಿಗೆ ಬೇಕು. ಗಾಡಿಯಲ್ಲಿ ‘ಫಾರ್ಮ್ 10’ ಇರಲೇಬೇಕು. ಕಳಿಸಿದವರು ಯಾರು, ಎಲ್ಲಿಗೆ ಹೋಗಬೇಕು ಎಲ್ಲ ಅದರಲ್ಲಿರುತ್ತದೆ. ಚೆಕ್‌ಪೋಸ್ಟ್‌ನಲ್ಲಿ ಈ ಕಾಗದವನ್ನು ತಪ್ಪದೆ ಕೇಳಬೇಕು, ಅಲ್ವಾ? ಡ್ರೈವರ್ ಒಬ್ಬನನ್ನೇ ಹಿಡಿದರೆ ಸಾಲದು. ಕಳಿಸಿದ ಕಾರ್ಖಾನೆಯನ್ನೂ ಹುಡುಕಿ ಎಂದು ದೂರಿನಲ್ಲೇ ಬರೆಯಿರಿ.