ಮೂರು ವೃತ್ತದಲ್ಲಿ ನೀನು ಎಲ್ಲಿ?

ಗಂಗಾವತಿಯ ತಂಗಿಗೆ,

ನಿನ್ನ ಪತ್ರ ಓದಿ ಸಿಟ್ಟು ಬಂತು. ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ.

ಕುಟುಂಬದ ಉದ್ಯಮಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ದಾಟುತ್ತವೆ ಅನ್ನೋದು ನಿನ್ನ ಪಿಎಚ್‌ಡಿ ವಿಷಯ. ಮನೆಯದೇ ಅಕ್ಕಿ ಗಿರಣಿ ಇದೆ. ಅದರ ಲೆಕ್ಕದ ಪುಸ್ತಕ ಪ್ರಬಂಧಕ್ಕೆ ಬೇಕೇ ಬೇಕು ಅಂತ ಗೈಡ್ ಪಟ್ಟು ಹಿಡಿದಿದ್ದಾರೆ. ಅಪ್ಪ ಮಾತಾಡುತ್ತಿಲ್ಲ. ಕಾಕಾ ‘ಮನಿ ಮಾತು ಬೀದಿಗೆ ಹಾಕಬ್ಯಾಡ’ ಅಂದಿದ್ದಾರೆ.

ಕಾಕಾ ಹೆದರಿದ್ದರಲ್ಲಿ ತಪ್ಪೇನಿದೆ? ಭತ್ತ ಯಾರಿಂದ ಉದ್ರಿ ಬಂತು, ಬ್ಯಾಂಕಿನ ಸಾಲ ಎಷ್ಟು ಅನ್ನೋದು ಪಕ್ಕದ ಗಿರಣಿಯವರಿಗೆ ತಿಳಿಯಬೇಕಾ? ದಕ್ಷಿಣ ಸ್ಪೇನಿನ 1,237 ಆಲಿವ್ ಎಣ್ಣೆ ಗಿರಣಿಗಳ ಬಗ್ಗೆ 2007ರಲ್ಲಿ ಬಂದ ಅಧ್ಯಯನ ನೀನು ಓದಿರುತ್ತೀಯ. ಸಹಕಾರ ಸಂಘ ಸೇರಿದರೆ ಅಪಾಯ ಕಡಿಮೆ ಅಂತಿದ್ದರೂ ಎಷ್ಟೋ ಮನೆತನಗಳು ಸೇರಲಿಲ್ಲ. ಗಿರಣಿ ತಮ್ಮ ಕೈಯಲ್ಲೇ ಇರಬೇಕು ಅನ್ನೋ ಹಟ. ಅಲ್ಲಿಯವರಿಗೂ ನಿಮ್ಮ ಕಾರಟಗಿಯ ಗಿರಣಿಯವರಿಗೂ ಅಂಥ ವ್ಯತ್ಯಾಸವೇನಿಲ್ಲ.

ಸಿಟ್ಟು ಬಂದಿದ್ದು ಗೈಡ್ ಮೇಲೆ. ಗಂಗಾವತಿ, ಕಾರಟಗಿ, ಸಿಂಧನೂರಿನ ತುಂಬ ಗಿರಣಿಗಳಿವೆ. ಹೆಸರು ಹಾಕದೆ ಬೇರೆ ನಾಲ್ಕು ಮನೆಯವರನ್ನು ಮಾತಾಡಿಸಿ ಬರೆಯಬಹುದು. ಶಿಷ್ಯೆಯ ಮನೆ ತಿಜೋರಿಗೇ ಕೈ ಹಾಕಿಸೋದು ಬರೀ ಸೋಮಾರಿತನ.

ಆದರೆ ಪತ್ರದ ಕೊನೆಗೆ ಒಂದು ಸಾಲು ತುರುಕಿದ್ದೀಯಲ್ಲ: ‘ಬಿಕಾಂ ಮುಗಿದಾಗಿನಿಂದ ಜಿಎಸ್‌ಟಿ, ಹಮಾಲರ ಪಗಾರ ನಾನೇ ನೋಡ್ಕೋತೀನಿ.’ ಅಯ್ಯೋ ಮಾರಾಯ್ತಿ, ಹಾಗಾದರೆ ಆ ಲೆಕ್ಕ ಬರೆದವಳೇ ನೀನು! ಆದರೆ ಗಿರಣಿಯ ಪಾಲುದಾರರು ಅಪ್ಪ, ಕಾಕಾ, ಮತ್ತೆ ಬೆಂಗಳೂರಲ್ಲಿ ಓದುತ್ತಿರುವ ತಮ್ಮ. ಹಾರ್ವರ್ಡ್‌ನಲ್ಲಿ ಟಾಗಿಯುರಿ ಮತ್ತು ಡೇವಿಸ್ 1978ರಲ್ಲಿ ಮಾಡಿದ ಮೂರು ವೃತ್ತದ ಚಿತ್ರ ನಿನ್ನ ಪ್ರಬಂಧದಲ್ಲೂ ಇರಲೇಬೇಕು. ಮನೆತನದ ಉದ್ಯಮದಲ್ಲಿ ಯಾರು ಎಲ್ಲಿದ್ದಾರೆ ಅಂತ ತೋರಿಸೋ ವೃತ್ತಗಳು: ಕುಟುಂಬ, ಒಡೆತನ, ಆಡಳಿತ. ಎರಡರಲ್ಲಿ ನೀನಿದ್ದೀಯ. ಒಡೆತನದಲ್ಲಿ ಇಲ್ಲ.

ಹೆಣ್ಣುಮಕ್ಕಳ ದುಡಿಮೆಗೆ ‘ಮನೆ ಕೆಲಸ’ ಅಂತ ಹೆಸರಿಟ್ಟು ಕೈತೊಳೆದುಕೊಳ್ಳೋದನ್ನು ನಾನು ಈ ಅಂಕಣದಲ್ಲಿ ಎಷ್ಟು ಸಲ ಬೈದಿಲ್ಲ! ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಕೂಡು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ, ನಿಜ. ಆದರೆ 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಪಾಲುದಾರಿಕೆ ಹುಟ್ಟಿನಿಂದ ಬರೋದಿಲ್ಲ, ಒಪ್ಪಂದದಿಂದ ಬರುತ್ತೆ. ತಮ್ಮನಿಗೂ ಅದು ಬಂದಿದ್ದು ಯಾರೋ ಹೆಸರು ಬರೆಸಿದ್ದರಿಂದಲೇ.

ಲೆಕ್ಕದ ಪುಸ್ತಕದ ಮಾತು ಬಿಡು. ಕಾಕಾ ಎದುರಿಗೇ ಅಪ್ಪನ ಹತ್ತಿರ ಪಾಲುದಾರಿಕೆ ಪತ್ರ ಕೇಳಿ, ‘ಅದರಲ್ಲಿ ನನ್ನ ಹೆಸರು ಸೇರಿಸಿ’ ಅನ್ನು. ಪಾಲುದಾರಳಾದ ಮೇಲೆ ಗಿರಣಿ ಮಾಡೋ ಸಾಲಕ್ಕೂ ನೀನು ಹೊಣೆ. ಈಗಿರೋ ಸಾಲ ಎಷ್ಟು ಅಂತ ನಿನಗಿಂತ ಚೆನ್ನಾಗಿ ಆ ಮನೆಯಲ್ಲಿ ಯಾರಿಗೆ ಗೊತ್ತು?