ಬೆಣ್ಣೆ ಜಗಳದ ನಾಡಿಗೆ ಬಂದ ಬಿಷಪ್

ಪ್ರಶ್ನೆ: ಸ್ಕಾಟ್ಲೆಂಡಿನ ಸಂತ ಗಿಲ್ಬರ್ಟ್ ಯಾರು? ಅವರು ಕಟ್ಟಿಸಿದ್ದು ಏನಾದರೂ ಉಳಿದಿದೆಯಾ?

ಉತ್ತರ: ಉಳಿದಿದೆ, ಡಾರ್ನಾಕ್ ಊರಿನ ಕೆಥೆಡ್ರಲ್, ಅಂದರೆ ಬಿಷಪ್‌ರ ಮುಖ್ಯ ಚರ್ಚ್. ಆದರೆ ಅವರು ಸ್ಕಾಟ್ಲೆಂಡಿನ ಉತ್ತರ ತುದಿಯ ಕೇತ್‌ನೆಸ್‌ಗೆ ಬಿಷಪ್ ಆಗಿ ಬಂದ ಹೊತ್ತು ನೋಡಿ. 20 ಹಸುಗಳಿಗೆ ಒಂದು ಅಳತೆ ಬೆಣ್ಣೆಯನ್ನು ಚರ್ಚ್‌ಗೆ ತೆರಿಗೆಯಾಗಿ ಕೊಡುತ್ತಿದ್ದ ರೈತರಿಂದ ಹಿಂದಿನ ಬಿಷಪ್ ಆಡಮ್ ಜಾಸ್ತಿ ಮಾಡುತ್ತಾ ಹೋಗಿ 10 ಹಸುಗಳಿಗೇ ಅಷ್ಟು ಕೇಳಿದ್ದರು, ಜನ ರೊಚ್ಚಿಗೆದ್ದು 1222ರಲ್ಲಿ ಹಾಲ್ಕರ್ಕ್‌ನಲ್ಲಿ ಅವರನ್ನು ಸುಟ್ಟೇಬಿಟ್ಟರು. ಅಂಥ ಕಡೆ ಹೋಗೋಕೆ ಗಟ್ಟಿ ಗುಂಡಿಗೆ ಬೇಕು ಅಲ್ವಾ! ಗಿಲ್ಬರ್ಟ್ ತಮ್ಮ ಪೀಠವನ್ನು ಡಾರ್ನಾಕ್‌ಗೆ ತಂದು, ಸ್ವಂತ ಖರ್ಚಿನಲ್ಲೇ ಕೆಥೆಡ್ರಲ್ ಕಟ್ಟಿಸಿದರು. 1239ರಲ್ಲಿ ಮೊದಲ ಪ್ರಾರ್ಥನೆ ನಡೆಯಿತು. 1245ರಲ್ಲಿ ತೀರಿಕೊಂಡಾಗ ಅಲ್ಲೇ ಮಣ್ಣು ಮಾಡಿದರು. ಮುಂದೆ ಜನ ಅವರ ಅಸ್ಥಿ ಮುಟ್ಟಿ ಪ್ರಮಾಣ ಮಾಡುತ್ತಿದ್ದರು. 1570ರಲ್ಲಿ ಕಟ್ಟಡಕ್ಕೆ ಬೆಂಕಿ ಬಿತ್ತು, 19ನೇ ಶತಮಾನದಲ್ಲಿ ರಿಪೇರಿಯಾಯಿತು. ಒಳಗೆ 13ನೇ ಶತಮಾನದ ಕಲ್ಲುಗೋಡೆ ಈಗಲೂ ಕಾಣುತ್ತದೆ, ಈಗದು ಚರ್ಚ್ ಆಫ್ ಸ್ಕಾಟ್ಲೆಂಡ್‌ನ ಪ್ರಾರ್ಥನಾ ಮಂದಿರ.